ರಾತ್ರಿ ಮಗ್ಗುಲಲ್ಲಿ ಕೂಡುವವರು ಬೇಕಾಗಿದ್ದಾರೆ

ಪಾಸ್ಖಹಬ್ಬದ ತರುವಾಯ ಮನೆಗಳನ್ನು ಆಶೀರ್ವದಿಸಲು ಹೊರಡುವುದು ಧರ್ಮಗುರುಗಳಾದ ನಮಗೆ ವರ್ಷದಲ್ಲಿಯೇ ಅತ್ಯಂತ ಪ್ರಿಯವಾದ ಪ್ರಯಾಣ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಈ ಸೀಮೆಯಲ್ಲಿ ನಮ್ಮ ಕಥೋಲಿಕ ಕುಟುಂಬಗಳು ಒತ್ತಟ್ಟಿಗೆ ಇಲ್ಲ. ಇಲ್ಲೊಂದು ಅಲ್ಲೊಂದು ಎಂಬಂತೆ ಚದುರಿವೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಬಸ್ಸು ಹಿಡಿಯಬೇಕಾದ ಪ್ರಸಂಗವೂ ಉಂಟು. ಹೀಗಾಗಿ ಹೋದಲ್ಲಿ ತುಸು ಹೊತ್ತು ಕುಳಿತು ಮಾತನಾಡುವುದು ನಮ್ಮ ರೂಢಿ. ಈ ಸಲ ಪ್ರಾರ್ಥನೆ ಮುಗಿದು ಚಹ ಬರುವ ಮುನ್ನ ಎಲ್ಲ ಮನೆಗಳಲ್ಲಿಯೂ ಒಂದೇ ಪ್ರಶ್ನೆಯನ್ನು ಕೇಳುತ್ತ ಬಂದೆವು: ದುಡ್ಡು ಕೊಟ್ಟರೆ ಸಿಗುವಂತಿದ್ದರೆ ಯಾವ ಕೆಲಸಕ್ಕೆ ಒಬ್ಬರನ್ನು ಗೊತ್ತುಮಾಡಿಕೊಳ್ಳುವಿರಿ?

ಇದನ್ನು ವಿನೋದಕ್ಕೆಂದೇ ಆರಂಭಿಸಿದೆವು. ಶಾಲಾ ಶಿಕ್ಷಕಿಯೊಬ್ಬರು, ಹೊತ್ತಲ್ಲದ ಹೊತ್ತಿನಲ್ಲಿ ಬರುವ ನಳದ ನೀರಿಗೆ ಕೊಡ ಹಚ್ಚಿ ಕಾಯುವವರು ಬೇಕೆಂದರು. ನಿವೃತ್ತರೊಬ್ಬರಿಗೆ ತಮ್ಮ ಪರವಾಗಿ ಕಚೇರಿಯ ಸರದಿಯಲ್ಲಿ ನಿಲ್ಲುವವರು ಬೇಕು. ಇನ್ನೊಂದು ಮನೆಯ ಬಾಲಕನಿಗೆ ಮನೆಪಾಠ ಬರೆದುಕೊಡುವವರು ಬೇಕು! ತಾಯಿ ಕಣ್ಣು ಕೆಂಪಗೆ ಮಾಡಿದರು, ನಾವು ನಕ್ಕೆವು. ಆದರೆ ಸಿಂದಗಿಯ ಕಡೆಯ ಒಂದು ಮನೆಯಲ್ಲಿ ನಗು ನಿಂತುಹೋಯಿತು. ಅಲ್ಲಿ ವೃದ್ಧೆಯೊಬ್ಬರು ಮೂರು ವರ್ಷಗಳಿಂದ ಹಾಸಿಗೆ ಹಿಡಿದಿದ್ದಾರೆ. ಸೊಸೆ, ಅವರೂ ಐವತ್ತು ದಾಟಿದವರು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೇಳಿದರು: "ಫಾದರ್, ವಾರಕ್ಕ ಎರಡ ರಾತ್ರಿ ಅತ್ತಿಯವರ ಮಗ್ಗಲಿಗೆ ಕೂಡಾಕ ಒಬ್ರ ಸಿಕ್ಕರ ಸಾಕ್ರಿ. ನಾ ಒಮ್ಮಿ ಪೂರ್ತಿ ನಿದ್ದಿ ಮಾಡಬೇಕ್ರಿ."

ಆ ಮಾತು ನಮ್ಮನ್ನು ಬಿಡಲಿಲ್ಲ. ಮುಂದಿನ ಮನೆಗಳಲ್ಲಿ ಪ್ರಶ್ನೆಯನ್ನು ಬೇರೆ ಬಗೆಯಾಗಿ ಕೇಳಿದೆವು. ಉತ್ತರಗಳೂ ಬೇರೆಯಾದವು. ನೆಲಹಿಡಿದ ತಂದೆಗೆ ಸಂಕೋಚವಾಗದಂತೆ ಸ್ನಾನ ಮಾಡಿಸುವ ಗಂಡಾಳು. ಆಸ್ಪತ್ರೆಯಲ್ಲಿ ರೋಗಿಯ ಜೊತೆಗಿರುವವರು. ಕಣ್ಣು ಮಂಜಾದ ಅಜ್ಜನಿಗೆ ಪತ್ರಿಕೆ, ಶುಭಸಂದೇಶ ಓದಿ ಹೇಳುವವರು. ಇವರಾರೂ ನಮ್ಮ ಸಂತೆಯಲ್ಲಿ ಸಿಗುವುದಿಲ್ಲ.

ಉಳಿದವು ಬಹುಮಟ್ಟಿಗೆ ಸಿಗುತ್ತವೆ. ಜೋಳದ ರೊಟ್ಟಿಯನ್ನೇ ನೋಡಿರಿ. ಒಂದು ಕಾಲದಲ್ಲಿ ರೊಟ್ಟಿಯನ್ನು ಕೊಂಡು ತಿನ್ನುವ ಮನೆಯೆಂದರೆ ಮರ್ಯಾದೆಗೆ ಕುಂದು. ಇಂದು ಬಡಿದು ಒಣಗಿಸಿದ ಖಡಕ್ ರೊಟ್ಟಿ ಲೆಕ್ಕದ ಮೇಲೆ ಮಾರಾಟವಾಗುತ್ತದೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಶಾವಿಗೆಗಳೂ ಹಾಗೆಯೇ. ಬೀಸುಕಲ್ಲನ್ನು ಗಿರಣಿ ನುಂಗಿದಾಗ ಯಾರೂ ಅಳಲಿಲ್ಲ. ರೊಟ್ಟಿ ಬಡಿಯುವ ವಿದ್ಯೆಯಿಂದ ಎಷ್ಟೋ ವಿಧವೆಯರು ಮಕ್ಕಳನ್ನು ಓದಿಸಿದ್ದಾರೆ. ಇದು ಒಳ್ಳೆಯದೇ ಆಯಿತೆಂಬುದು ನಮ್ಮ ಅಭಿಪ್ರಾಯ. ಆದರೆ ರೊಟ್ಟಿಯನ್ನು ಕಟ್ಟಿ ಬುಟ್ಟಿಯಲ್ಲಿ ತರಬಹುದು. ರಾತ್ರಿ ಮಗ್ಗುಲಲ್ಲಿ ಕೂಡುವುದಕ್ಕೆ ಒಬ್ಬ ಮನುಷ್ಯರೇ ಬರಬೇಕು.

ಹಿಂದೆ ಎಲ್ಲದಕ್ಕೂ ಜನರಿದ್ದರು ಎಂದು ಹಿರಿಯರು ನಿಟ್ಟುಸಿರು ಬಿಡುವುದುಂಟು. ನಿಜ, ನಮ್ಮ ಊರುಗಳಲ್ಲಿ ಆಯದ ಪದ್ಧತಿಯಿತ್ತು. ಬಡಿಗ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ ಮೊದಲಾದ ಆಯಗಾರರು ವರ್ಷವಿಡೀ ಊರ ಕೆಲಸ ಮಾಡುವರು. ರಾಶಿಯ ಹೊತ್ತಿಗೆ ಕಣಕ್ಕೆ ಬಂದು ತಮ್ಮ ಪಾಲಿನ ಕಾಳು ಒಯ್ಯುವರು. ಆದರೆ ಆ ನಿಟ್ಟುಸಿರಿಗೆ ನಾವು ದನಿಗೂಡಿಸಲಾರೆವು. ಅಲ್ಲಿ ಯಾರೂ ಕೆಲಸವನ್ನು ಆರಿಸಿಕೊಂಡಿರಲಿಲ್ಲ, ಹುಟ್ಟೇ ಆರಿಸುತ್ತಿತ್ತು. ಸತ್ತ ದನ ಎಳೆಯುವವರು, ಸಾವಿನ ಸುದ್ದಿ ಹೊತ್ತು ಊರೂರು ನಡೆಯುವವರು ಕಣದ ಅಂಚಿನಲ್ಲಿ ನಿಂತು ಬೇಡಬೇಕಾಗಿತ್ತು. ಆ ಸೇವೆ ಮಾಯವಾಯಿತೆಂದು ದುಃಖಿಸುವವರು ಅದನ್ನು ಪಡೆದವರೇ ಹೊರತು ಮಾಡಿದವರಲ್ಲ.

ಅದನ್ನು ಪ್ರಶ್ನಿಸಿದವರೂ ಇದೇ ಮಣ್ಣಿನವರು. ಬಸವಣ್ಣನವರು ಬಾಗೇವಾಡಿಯವರು, ಬಟ್ಟೆ ಒಗೆಯುವ ಕಾಯಕದ ಮಡಿವಾಳ ಮಾಚಿದೇವರು ದೇವರ ಹಿಪ್ಪರಗಿಯವರು. ಹನ್ನೆರಡನೆಯ ಶತಮಾನದಲ್ಲಿ ಅಗಸನೊಬ್ಬನು ಶರಣರ ಸಾಲಿನಲ್ಲಿ ಸರಿಸಮನಾಗಿ ಕುಳಿತು ವಚನ ರಚಿಸಿದನು. ಪವಿತ್ರ ಗುರುವಾರದಂದು ಹನ್ನೆರಡು ಜನರ ಪಾದ ತೊಳೆಯುವಾಗ ನಮಗೆ ಪ್ರತಿಸಲವೂ ಹಿಪ್ಪರಗಿ ನೆನಪಾಗುತ್ತದೆ. ಪ್ರಭು ಯೇಸು ಆ ರಾತ್ರಿ ಕೈಗೆತ್ತಿಕೊಂಡದ್ದು ಅಂದಿನ ಮನೆಗಳಲ್ಲಿ ಸೇವಕರ ಪಾಲಿಗೆ ಬಿಟ್ಟಿದ್ದ ಕೆಲಸವನ್ನೇ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದ ದಿನಗಳಲ್ಲಿ ಅರಿಸ್ಟಾಟಲನ ಒಂದು ಮಾತು ನಮ್ಮನ್ನು ಬೆರಗುಗೊಳಿಸಿತ್ತು. ಮಗ್ಗದ ಲಾಳಿ ತಾನೇ ನೇಯುವಂತಾದರೆ ಒಡೆಯನಿಗೆ ದಾಸರ ಅಗತ್ಯವಿರದು ಎಂಬ ಭಾವ ಅವನ 'ರಾಜನೀತಿ'ಯಲ್ಲಿದೆ. ಇಂದು ಲಾಳಿ ತಾನೇ ಓಡುತ್ತಿದೆ, ಬಟ್ಟೆಯನ್ನು ಯಂತ್ರ ಒಗೆಯುತ್ತಿದೆ. ಆದರೂ ನಮಗೆ ಮನುಷ್ಯರು ಬೇಕಾಗಿದ್ದಾರೆ. ಯಂತ್ರಕ್ಕೆ ಬಿಟ್ಟುಕೊಡಲಾಗದ ಕೆಲಸಗಳೇ ಕೊನೆಗೆ ಉಳಿದಿವೆ, ಅವುಗಳಿಗೇ ನಾವು ಅತಿ ಕಡಿಮೆ ಕೂಲಿ ಕಟ್ಟಿದ್ದೇವೆ. ಈ ಗಂಟನ್ನು ಆ ಮಹಾಶಯನು ಊಹಿಸಿರಲಿಲ್ಲ. ಅವನ ಮನೆಯ ಅಡುಗೆಯನ್ನು ಮಾಡಿದವರು ಯಾರೆಂದು ನಮ್ಮ ಪ್ರಾಧ್ಯಾಪಕರನ್ನು ನಾವು ಕೇಳಿದ್ದಿಲ್ಲ.

ಹಾಗಾದರೆ ಕೆಲಸ ಮಾಡಬಲ್ಲವರು ಎಲ್ಲಿ ಹೋದರು? ಕೆಲವರು ಹೊಲದಲ್ಲಿದ್ದಾರೆ. ಆಲಮಟ್ಟಿಯ ನೀರು ಕಾಲುವೆಗೆ ಬಂದ ಮೇಲೆ, ಇಂಡಿಯ ನಿಂಬೆಯ ತೋಟಗಳಲ್ಲಿ ಕಾಯಿ ಆರಿಸುವ ಕೂಲಿ ಸಿಗುವಾಗ, ಪರರ ಮನೆಯ ಮುಸುರಿ ತಿಕ್ಕಲು ಯಾರು ಬಂದಾರು? ಇನ್ನುಳಿದವರು ಗುಳೆ ಹೋಗಿದ್ದಾರೆ. ಗೋವೆ, ಪುಣೆ, ಮುಂಬಯಿ ಕಡೆಗೆ ಹೊರಡುವ ರಾತ್ರಿಯ ಬಸ್ಸುಗಳ ಬಳಿ ಗಂಟುಮೂಟೆಗಳೊಡನೆ ನಿಂತ ನಮ್ಮ ಹೆಣ್ಣುಮಕ್ಕಳನ್ನು ಯಾರು ಕಂಡಿಲ್ಲ? ಮುದ್ದೇಬಿಹಾಳದ ಹಳ್ಳಿಯೊಂದರ ಮಹಿಳೆ ನಮಗೆ ಪರಿಚಿತರು. ಗೋವೆಯ ಒಂದು ಮನೆಯಲ್ಲಿ ವೃದ್ಧೆಗೆ ಊಟ ಉಣಿಸಿ, ಔಷಧ ಕುಡಿಸಿ, ರಾತ್ರಿ ಮಗ್ಗುಲಲ್ಲಿ ಮಲಗುವುದು ಅವರ ಉದ್ಯೋಗ. ಊರಿನಲ್ಲಿ ಅವರ ಸ್ವಂತ ತಾಯಿ ಒಬ್ಬಂಟಿ. ನೆರೆಯವರು ತತ್ರಾಣಿಯಲ್ಲಿ ನೀರು ತುಂಬಿಟ್ಟು ಹೋಗುತ್ತಾರೆ. ಮಗಳು ಕಳುಹಿಸುವ ಹಣದಲ್ಲಿ ತಾಯಿಗೂ ಒಬ್ಬರನ್ನು ಗೊತ್ತುಮಾಡಬಹುದಲ್ಲ ಎಂದೆವು. "ಯಾರ ಬರ್ತಾರ್ರಿ ಫಾದರ್, ಎಲ್ಲಾರೂ ಇಲ್ಲೇ ಅದಾರ" ಎಂದು ಫೋನಿನಲ್ಲಿ ನಕ್ಕರು. ಆ ನಗೆಯನ್ನು ಕೇಳಿ ನಮಗೆ ಉತ್ತರ ತೋಚಲಿಲ್ಲ.

ಈ ಕೆಲಸವೂ ಕೆಲಸವೇ ಎಂದು ಕಾನೂನು ಒಪ್ಪಿಕೊಂಡದ್ದು ತೀರ ಈಚೆಗೆ. ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ೨೦೦೪ರಲ್ಲಿ ಗೊತ್ತುಪಡಿಸಿದ ನಮ್ಮ ಕರ್ನಾಟಕವು ಈ ವಿಷಯದಲ್ಲಿ ದೇಶಕ್ಕೇ ಮೊದಲಿಗರ ಸಾಲಿನಲ್ಲಿದೆ. ಜಿನೀವಾದಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು ೨೦೧೧ರಲ್ಲಿ ಗೃಹಕಾರ್ಮಿಕರಿಗಾಗಿ ೧೮೯ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಇನ್ನೂ ಅದಕ್ಕೆ ಮುದ್ರೆ ಒತ್ತಿಲ್ಲ. ಗೃಹಕಾರ್ಮಿಕರಿಗೆ ಪ್ರತ್ಯೇಕ ಕಾಯಿದೆಯ ವಿಚಾರವನ್ನು ಪರಿಶೀಲಿಸಲು ಸಮಿತಿ ರಚಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೨೫ರ ಜನವರಿಯಲ್ಲಿ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಧರ್ಮಸಭೆಯೂ ಈ ಹಾದಿಯಲ್ಲಿ ನಡೆದಿದೆ. ಬೆಲ್ಜಿಯಂ ಮೂಲದ ಧರ್ಮಭಗಿನಿ ಜೀನ್ ದೇವೋಸ್ ಅವರು ಗೃಹಕಾರ್ಮಿಕರ ರಾಷ್ಟ್ರೀಯ ಆಂದೋಲನವನ್ನು ಕಟ್ಟಲಾರಂಭಿಸಿದ್ದು ೧೯೮೫ರಲ್ಲಿ. ಇನ್ನು ಇಟಲಿಯ ಲೂಕ್ಕಾ ನಗರದ ಸಂತ ಝೀಟಾ! ಬಾಲ್ಯದಲ್ಲಿ ಒಂದು ಮನೆಗೆ ಕೆಲಸಕ್ಕೆ ಸೇರಿ, ೧೨೭೨ರಲ್ಲಿ ಸಾಯುವವರೆಗೂ ಅದೇ ಮನೆಯಲ್ಲಿ ದುಡಿದವಳನ್ನು ಧರ್ಮಸಭೆ ಸಂತಳೆಂದು ಸಾರಿತು. ಏಪ್ರಿಲ್ ೨೭ ಆಕೆಯ ಹಬ್ಬ.

ಆದರೆ ನಮ್ಮ ಮನೆಗಳ ಒಳಗೇನು? ಕಟುವಾದ ಮಾತಾಡುತ್ತಿದ್ದೇವೆಂದು ವಾಚಕರು ಮುನಿಯಬಾರದು. ಗೋಡೆಯ ಮೇಲೆ ಯೇಸುವಿನ ತಿರುಹೃದಯದ ಪಟ, ಅದರ ಕೆಳಗೆ ಕೆಲಸದವರಿಗೆಂದೇ ಬೇರೆ ಇಟ್ಟ ಚಹದ ಬಟ್ಟಲು. ಇದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅಜ್ಜಿಯ ವಯಸ್ಸಿನವರನ್ನು ಮನೆಯ ಮಕ್ಕಳು ಏಕವಚನದಲ್ಲಿ ಕೂಗುವುದನ್ನು ಕೇಳಿದ್ದೇವೆ. ಹಬ್ಬಕ್ಕೆ ಊರಿಗೆ ಹೋದ ಎರಡು ದಿನಗಳ ಪಗಾರ ಮುರಿದುಕೊಂಡವರೂ ಉಂಟು. ದಿನಗೂಲಿಯನ್ನು ಸೂರ್ಯ ಮುಳುಗುವುದರೊಳಗೆ ಕೊಡಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ತಡೆಹಿಡಿದ ಕೂಲಿಯೇ ದೇವರಿಗೆ ಮೊರೆಯಿಡುತ್ತದೆಂದು ಸಂತ ಯಕೋಬನ ಪತ್ರ ಎಚ್ಚರಿಸುತ್ತದೆ. ಇವನ್ನು ಬಲಿಪೂಜೆಯಲ್ಲಿ ಓದಿ ವಿವರಿಸುವವರು ನಾವೇ. ಹಾಗೆಂದು ನಮ್ಮ ತಪ್ಪನ್ನು ಮುಚ್ಚಿಡಲಾಗದು. ಪ್ರಭುವಿನ ದಿನವನ್ನು ವಿಶ್ರಾಂತಿಯಿಂದ ಆಚರಿಸಿರೆಂದು ಬೋಧಿಸಿ ಗುರುನಿವಾಸಕ್ಕೆ ಮರಳುವಾಗ, ಅಡುಗೆಯಾಕೆ ಆ ಭಾನುವಾರವೂ ನಮಗಾಗಿ ಒಲೆಯ ಮುಂದೆ ನಿಂತಿರುತ್ತಿದ್ದರು. ವರ್ಷಗಟ್ಟಲೆ ಅದು ನಮ್ಮ ಗಮನಕ್ಕೇ ಬಂದಿರಲಿಲ್ಲ. ಈಗ ಭಾನುವಾರ ಅವರಿಗೆ ರಜೆ. ನಾವು ಅನ್ನ ಬೇಯಿಸಲು ಕಲಿತಿದ್ದೇವೆ, ಸಾರಿನ ಮಾತು ಬೇಡ.

ಸಿಂದಗಿಯ ಕಡೆಯ ಆ ಮನೆಯ ಸಂಗತಿಗೆ ಬರೋಣ. ಬಲಿಪೂಜೆಯ ಕೊನೆಗೆ ವಿಷಯವನ್ನು ಸಭೆಯ ಮುಂದಿಟ್ಟೆವು. ಚರ್ಚೆ ಹುಟ್ಟಿತು. ಸೇವೆಗೆ ಹಣವೇಕೆ, ಪ್ರೀತಿಯಿಂದ ಮಾಡೋಣ ಎಂದು ಕೆಲವರು. ಪ್ರೀತಿಯೆಂದು ಹೇಳಿದವರು ಹೆಸರು ಕೊಡಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಲೇಬೇಕು. ಕೊನೆಗೆ, ಕೂಲಿಯನ್ನು ನಂಬಿ ಬದುಕುವವರು ಬಂದರೆ ರಾತ್ರಿಯ ಪಗಾರವನ್ನು ಆ ಮನೆಯವರು ಕೊಡುವುದು, ಕೊಡಲಾಗದಿದ್ದರೆ ಧರ್ಮಕೇಂದ್ರ ಕೊಡುವುದು, ಉಳಿದವರು ಹಾಗೆಯೇ ಬರುವುದು ಎಂದಾಯಿತು. ನಾಲ್ವರು ಮಹಿಳೆಯರು, ಇಬ್ಬರು ಗಂಡಸರು ಮುಂದೆ ಬಂದರು. ಅವರಲ್ಲೊಬ್ಬರು ಸ್ವತಃ ನಾಲ್ಕು ಮನೆಗಳ ಕಸ ಮುಸುರೆ ಮಾಡುವವರು.

ಮೊದಲ ಸರದಿ ಅವರದೇ. ನಡುರಾತ್ರಿಯಲ್ಲಿ ಎಚ್ಚರಗೊಂಡ ವೃದ್ಧೆ, "ಯಾರ ಮಗಳವ್ವಾ ನೀ?" ಎಂದು ಕೇಳಿದರಂತೆ. ಹೇಳಿದರೆ ಮತ್ತೆ ಮರೆತು ಮತ್ತೆ ಕೇಳುವರಂತೆ. ಬೆಳಗಿನತನಕ ಹತ್ತಾರು ಸಲ ತಮ್ಮ ತಂದೆಯ ಹೆಸರನ್ನು ಹೇಳಬೇಕಾಯಿತೆಂದು, ಅಷ್ಟು ಸಲ ಯಾರೂ ತಮ್ಮನ್ನು ಅದನ್ನು ಕೇಳಿದ್ದಿಲ್ಲವೆಂದು ಆಕೆ ನಮ್ಮೊಡನೆ ಹೇಳಿಕೊಂಡರು. ಪಕ್ಕದ ಕೋಣೆಯಲ್ಲಿ ಸೊಸೆ ಏಳು ಗಂಟೆಯವರೆಗೂ ಮಲಗಿದ್ದರು.

ಸರದಿಯ ಪಟ್ಟಿಯನ್ನು ದೇವಾಲಯದ ಬಾಗಿಲಿಗೆ ಅಂಟಿಸಿದ್ದೇವೆ. ಪೆನ್ಸಿಲನ್ನು ದಾರದಿಂದ ಕಟ್ಟಿದ್ದೇವೆ. ಮುಂದಿನ ಶನಿವಾರದ ರಾತ್ರಿಗೆ ಇನ್ನೂ ಯಾರೂ ಹೆಸರು ಬರೆದಿಲ್ಲ.