ವಾರ್ಸಾದಲ್ಲಿ ಸಂತೆ, ಉಕ್ರೇನಿನಲ್ಲಿ ಮನೆ

2023ರ ಫೆಬ್ರುವರಿ 15 ಮತ್ತು 16ರಂದು ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ ‘ರೀಬಿಲ್ಡ್ ಉಕ್ರೇನ್’ ಎಂಬ ಪ್ರದರ್ಶನ ನಡೆಯಿತು. ಯುದ್ಧ ಶುರುವಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಕ್ಷಿಪಣಿಗಳು ಬೀಳುತ್ತಲೇ ಇದ್ದವು. ಅಷ್ಟರಲ್ಲೇ ಮನೆ, ರಸ್ತೆ, ವಿದ್ಯುತ್ ಜಾಲ ಮತ್ತೆ ಕಟ್ಟಿಕೊಡುತ್ತೇವೆ ಎಂದು ನಾನಾ ದೇಶಗಳ ಕಂಪನಿಗಳು ಸ್ಟಾಲು ಹಾಕಿ ಕೂತಿದ್ದವು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತ ನಗಬಹುದು. ಆದರೆ ಕಟ್ಟಡದ ವ್ಯವಹಾರದಲ್ಲಿ ಕುಲಾವಿ ಹೊಲಿಯಲಿಕ್ಕೇ ಎರಡು ವರ್ಷ ಹಿಡಿಯುತ್ತದೆ. ಪ್ರಮಾಣಪತ್ರ, ಸ್ಥಳೀಯ ಪಾಲುದಾರ, ಬ್ಯಾಂಕು, ವಿಮೆ ಎಲ್ಲ ಒಂದಾದಮೇಲೆ ಒಂದು ಕೂಡಿಬರಬೇಕು. ಕದನ ನಿಂತ ಮೇಲೆ ಹೋಗೋಣ ಎಂದು ಕಾದವರು ಹೋಗುವ ಹೊತ್ತಿಗೆ ಆ ಜಾಗದಲ್ಲಿ ಬೇರೆಯವರು ಕೂತಿರುತ್ತಾರೆ.

ಉಕ್ರೇನಿನ ಮನೆ ಕಟ್ಟುವ ಸಂತೆ ಉಕ್ರೇನಿನಲ್ಲೇ ಯಾಕೆ ನಡೆಯಲಿಲ್ಲ? 2022ರ ಫೆಬ್ರುವರಿ 24ರಿಂದ ಆ ದೇಶದ ಆಕಾಶ ನಾಗರಿಕ ವಿಮಾನಗಳಿಗೆ ಮುಚ್ಚಿದೆ. ಕೀವ್‌ಗೆ ಹೋಗಬೇಕಾದವರು ಪೋಲೆಂಡಿನ ಗಡಿಯಿಂದ ರಾತ್ರಿಯ ರೈಲು ಹಿಡಿಯಬೇಕು. ಕಂಪನಿಯ ಸಿಬ್ಬಂದಿಗೂ ಯಂತ್ರಕ್ಕೂ ವಿಮೆ ಕೊಡುವವರು ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೇ ಪಕ್ಕದ ಮನೆಯ ಜಗಲಿಯಲ್ಲಿ ವ್ಯಾಪಾರ. ಇದು ಹಳೇ ಪದ್ಧತಿಯೇ. ಇರಾಕಿನ ಮರುನಿರ್ಮಾಣದ ಹೆಸರಿನ ದೊಡ್ಡ ಪ್ರದರ್ಶನ 2004ರ ಜನವರಿಯಲ್ಲಿ ನಡೆದದ್ದು ಬಾಗ್ದಾದಿನಲ್ಲಲ್ಲ, ಕುವೈತಿನಲ್ಲಿ.

ಇಂದಿನ ಕೆಲವು ಹೆಸರಾಂತ ಮೇಳಗಳ ಹುಟ್ಟೂ ಇಂಥ ಪಾಳುಬಿದ್ದ ಊರುಗಳಲ್ಲೇ ಆಗಿದೆ. ಹ್ಯಾನೋವರ್ ಮೇಳ 1947ರಲ್ಲಿ ಶುರುವಾದದ್ದು ಬ್ರಿಟಿಷ್ ಸೇನಾಡಳಿತದ ತಾಕೀತಿನಿಂದ. ಸೋತ ಜರ್ಮನಿ ರಫ್ತು ಮಾಡಿ ತನ್ನ ಅನ್ನ ತಾನು ಗಳಿಸಲಿ ಎಂಬುದು ಅವರ ಲೆಕ್ಕ. ಮೂರು ವಾರಗಳಲ್ಲಿ 7 ಲಕ್ಷಕ್ಕೂ ಹೆಚ್ಚು ಜನ ಬಂದರು. ಪಡಿತರ ಚೀಟಿ ಇಲ್ಲದೆ ಸಿಗುತ್ತಿದ್ದ ಮೀನಿನ ಬನ್ನು ತಿನ್ನಲೆಂದೇ ಬಂದವರೂ ಅವರಲ್ಲಿದ್ದರು ಎನ್ನುತ್ತಾರೆ. ಆ ಮೇಳಕ್ಕೆ ಮೀನು ಬನ್ನಿನ ಮೇಳ ಎಂದೇ ಅಡ್ಡಹೆಸರು ಬಿದ್ದಿತ್ತು. ಮ್ಯೂನಿಕ್‌ನ ‘ಬೌಮಾ’ 1954ರಲ್ಲಿ ಶುರುವಾಯಿತು. ಬಾಂಬಿಗೆ ಬಿದ್ದ ನಗರಗಳನ್ನು ಎತ್ತಿ ನಿಲ್ಲಿಸಲು ಬೇಕಾದ ಯಂತ್ರಗಳನ್ನು ತೋರಿಸುವ ಸಣ್ಣ ಪ್ರದರ್ಶನ ಆಗ ಅದು. ಇವತ್ತು ಅದೇ ಪ್ರಪಂಚದ ಅತಿ ದೊಡ್ಡ ನಿರ್ಮಾಣ ಯಂತ್ರ ಮೇಳ. ಮೂರು ವರ್ಷಕ್ಕೊಮ್ಮೆ ಸೇರುತ್ತದೆ, 2025ರ ಏಪ್ರಿಲ್‌ನಲ್ಲಿ ಸುಮಾರು 6 ಲಕ್ಷ ಜನ ಬಂದಿದ್ದರು.

ನಮ್ಮ ಪೀಣ್ಯದ್ದೋ ಹುಬ್ಬಳ್ಳಿಯದ್ದೋ ಒಂದು ಕಾರ್ಖಾನೆ, ಸ್ಕ್ಯಾಫೋಲ್ಡಿಂಗ್ ಕ್ಲಾಂಪು ಮಾಡುವವರು ಎಂದಿಟ್ಟುಕೊಳ್ಳಿ, ಇಂಥ ಮೇಳಕ್ಕೆ ಹೊರಟಿದೆ. ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ, ‘ಸ್ಟಾಲು ಎಷ್ಟು?’ ನನ್ನ ಪ್ರಕಾರ ಅದು ಮೂರನೆಯದೋ ನಾಲ್ಕನೆಯದೋ ಆಗಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದದ್ದು, ಅಲ್ಲಿ ಕಟ್ಟುವ ದುಡ್ಡು ಯಾರದು?

ಇದಕ್ಕೆ ಇರಾಕಿಗಿಂತ ಒಳ್ಳೆಯ ಪಾಠ ಇಲ್ಲ. 2018ರ ಫೆಬ್ರುವರಿಯಲ್ಲಿ ಕುವೈತಿನಲ್ಲಿ ದಾನಿಗಳ ಸಮಾವೇಶ ನಡೆಯಿತು. ಬೇಕಿದ್ದದ್ದು 88 ಬಿಲಿಯನ್ ಡಾಲರ್, ಬಂದ ಭರವಸೆ ಸುಮಾರು 30 ಬಿಲಿಯನ್. ಆ ಮೂವತ್ತರಲ್ಲೂ ಕೈಗೆ ಕೊಡುವ ದಾನ ಕಡಿಮೆ. ಬಹುಪಾಲು ಸಾಲ, ಹೂಡಿಕೆ, ಖಾತರಿ. ಟರ್ಕಿ ಒಂದೇ 5 ಬಿಲಿಯನ್ ಸಾಲದ ಮಾತು ಕೊಟ್ಟಿತು. ಕೇಳಲಿಕ್ಕೆ ಔದಾರ್ಯ. ಆದರೆ ಒಂದು ದೇಶ ರಫ್ತು ಸಾಲ ಕೊಟ್ಟಿತೆಂದರೆ ಆ ದುಡ್ಡು ಹೆಚ್ಚಾಗಿ ಅದೇ ದೇಶದ ಕಂತ್ರಾಟುದಾರರ ಬಿಲ್ಲು ತೀರಿಸಲು ಮರಳುತ್ತದೆ. ಮೇಳದಲ್ಲಿ ಎಲ್ಲರಿಗೂ ಸ್ಟಾಲು ಸಿಗುತ್ತದೆ, ಕೆಲಸ ಮಾತ್ರ ದುಡ್ಡು ತಂದವರ ನೆಂಟರಿಗೆ.

ನಾವೇನೂ ಬೇರೆಯವರಲ್ಲ. ಭಾರತ ಎಕ್ಸಿಮ್ ಬ್ಯಾಂಕಿನ ಮೂಲಕ ಬೇರೆ ದೇಶಗಳಿಗೆ ಕೊಡುವ ಸಾಲದಲ್ಲಿ ಸಾಮಾನ್ಯವಾಗಿ ಮುಕ್ಕಾಲು ಪಾಲು ಸರಕು, ಸೇವೆ ಭಾರತದಿಂದಲೇ ಹೋಗಬೇಕು. 2015ರ ಭೂಕಂಪದ ನಂತರ ನೇಪಾಳಕ್ಕೆ ನಾವು ಘೋಷಿಸಿದ 1 ಬಿಲಿಯನ್ ಡಾಲರ್‌ನಲ್ಲಿ 750 ಮಿಲಿಯನ್ ಸಾಲದ ರೂಪದ್ದು. ಹಾಗಾಗಿ ಚಿಕ್ಕ ಕಾರ್ಖಾನೆಗೆ ವಾರ್ಸಾಕ್ಕಿಂತ ಕಠ್ಮಂಡು ಹತ್ತಿರ, ಎರಡೂ ಅರ್ಥದಲ್ಲಿ.

ಉಕ್ರೇನಿನ ಕಥೆ ಇನ್ನೂ ತೊಡಕಿನದು. 2025ರ ಫೆಬ್ರುವರಿಯಲ್ಲಿ ವಿಶ್ವಬ್ಯಾಂಕ್ ಮತ್ತು ಜೊತೆಗಾರರು ಹಾಕಿದ ಅಂದಾಜು, ಮುಂದಿನ ಹತ್ತು ವರ್ಷಕ್ಕೆ 524 ಬಿಲಿಯನ್ ಡಾಲರ್. ಅದರಲ್ಲಿ ವಸತಿಗೇ 84 ಬಿಲಿಯನ್ ಹತ್ತಿರ. ಈ ದುಡ್ಡು ಒಂದೇ ತೊಟ್ಟಿಯಲ್ಲಿಲ್ಲ. ವಿಶ್ವಬ್ಯಾಂಕಿನ ಸಾಲದ ಟೆಂಡರಾದರೆ ಸಾಮಾನ್ಯವಾಗಿ ಯಾವ ದೇಶದ ಕಂಪನಿಯೂ ಹಾಕಬಹುದು. ಸರ್ಕಾರ ತನ್ನ ಬೊಕ್ಕಸದಿಂದ ಕೊಳ್ಳುವುದಾದರೆ 2016ರಿಂದ ‘ಪ್ರೊಜೊರೊ’ ಎಂಬ ಆನ್‌ಲೈನ್ ಜಾಲದಲ್ಲಿ ಟೆಂಡರು. ಯಾರು ಎಷ್ಟು ದರ ಹಾಕಿದರು, ಯಾರಿಗೆ ಹೋಯಿತು ಎಂದು ಮನೆಯಲ್ಲೇ ಕೂತು ನೋಡಬಹುದು. ಮೇಳಕ್ಕೆ ಹೋಗುವ ಮುಂಚೆ ಅಲ್ಲಿ ಒಂದು ವಾರ ಕಳೆದರೆ ನಮ್ಮ ಸರಕಿಗೆ ಅಲ್ಲಿ ಯಾವ ದರ ನಡೆಯುತ್ತಿದೆ ಎಂದು ಬಿಡಿಕಾಸು ಖರ್ಚಿಲ್ಲದೆ ಗೊತ್ತಾಗುತ್ತದೆ. ಇಲ್ಲೊಂದು ಮುಳ್ಳಿದೆ. ವಿಶ್ವ ವ್ಯಾಪಾರ ಸಂಘಟನೆಯ ಸರ್ಕಾರಿ ಖರೀದಿ ಒಪ್ಪಂದಕ್ಕೆ ಉಕ್ರೇನು 2016ರಲ್ಲೇ ಸೇರಿದೆ, ಭಾರತ ಇನ್ನೂ ವೀಕ್ಷಕ ಮಾತ್ರ. ಒಪ್ಪಂದದೊಳಗಿನ ದೇಶಗಳ ಕಂಪನಿಗಳಿಗೆ ಇರುವ ಸಮಾನ ಹಕ್ಕು ನಮ್ಮವರಿಗೆ ತಾನಾಗಿ ಬರುವುದಿಲ್ಲ.

ಇನ್ನೊಂದು ದಾರಿ ನನಗೆ ಬಹಳ ಹಿಡಿಸಿದ್ದು. 2023ರ ಮೇ ತಿಂಗಳಿಂದ ಉಕ್ರೇನ್ ಸರ್ಕಾರ ಮನೆ ಜಖಂ ಆದವರಿಗೆ ಪರಿಹಾರ ಕೊಡುತ್ತಿದೆ. ಅರ್ಜಿ ‘ದಿಯಾ’ ಎಂಬ ಸರ್ಕಾರಿ ಆ್ಯಪ್‌ನಲ್ಲಿ. ರಿಪೇರಿ ಹಣ ವಿಶೇಷ ಕಾರ್ಡಿಗೆ ಬರುತ್ತದೆ. ಆ ಕಾರ್ಡು ತರಕಾರಿ ಅಂಗಡಿಯಲ್ಲಿ ನಡೆಯುವುದಿಲ್ಲ. ಯೋಜನೆಯಲ್ಲಿ ನೋಂದಾಯಿಸಿದ ಕಟ್ಟಡ ಸಾಮಗ್ರಿ ಅಂಗಡಿ, ಗುತ್ತಿಗೆದಾರರ ಬಳಿ ಮಾತ್ರ. ಅಂದರೆ ನಿಮ್ಮ ಗ್ರಾಹಕ ಮಂತ್ರಿಯಲ್ಲ, ಒಡೆದ ಕಿಟಕಿ ಬದಲಿಸಲು ನಿಂತ ಮನೆಯೊಡತಿ. ಆಕೆಗೆ ಕ್ಲಾಂಪು ಬೇಡ, ಅಂಟು, ಪೈಪು, ಟೈಲ್ಸು ಬೇಕು. ಟೈಲ್ಸಿನವರು ಮೇಳದಲ್ಲಿ ಹುಡುಕಬೇಕಾದದ್ದು ಆ ಅಂಗಡಿಗಳಿಗೆ ಸರಕು ಹಾಕುವ ಸಗಟು ವ್ಯಾಪಾರಿಯನ್ನು. ಸೂಟು ಹಾಕಿದ ಅಧಿಕಾರಿಯ ಜೊತೆ ಫೋಟೊ ತೆಗೆಸಿಕೊಂಡರೆ ಅದು ಆಫೀಸಿನ ಗೋಡೆಗೆ ಆಯಿತು, ಅಷ್ಟೇ.

ಇಷ್ಟಾದ ಮೇಲೆ ಸ್ಟಾಲಿನ ಮಾತು. ಎರಡು ಬಗೆ. ಖಾಲಿ ನೆಲ ಕೊಂಡು ನೀವೇ ಕಟ್ಟಿಕೊಳ್ಳುವುದು ದೊಡ್ಡವರ ದಾರಿ. ಉಳಿದವರಿಗೆ ಕಟ್ಟಿಕೊಟ್ಟ ಗೂಡು, ಮೂರು ಮೀಟರ್‌ಗೆ ಮೂರು ಮೀಟರ್. ಮೂರು ಕಡೆ ಬಿಳಿ ಹಲಗೆ, ಮೇಲೆ ಕಂಪನಿಯ ಹೆಸರಿನ ಪಟ್ಟಿ, ಮೂರ್ನಾಲ್ಕು ದೀಪ, ಒಂದು ಪ್ಲಗ್ಗು, ಒಂದು ಮೇಜು, ಎರಡೋ ಮೂರೋ ಕುರ್ಚಿ, ಒಂದು ಕಸದ ಬುಟ್ಟಿ. ಹಲಗೆಗೆ ಮೊಳೆ ಹೊಡೆಯುವಂತಿಲ್ಲ, ಹೊಡೆದರೆ ದಂಡ. ಹತ್ತು ಕಿಲೋ ತೂಕದ ಕ್ಲಾಂಪಿನ ಬೋರ್ಡನ್ನು ನೇತುಹಾಕುವುದು ಹೇಗೆ ಎಂದು ಹಿಂದಿನ ರಾತ್ರಿ ಹನ್ನೊಂದಕ್ಕೆ ತಲೆ ಕೆರೆದುಕೊಂಡವರನ್ನು ನಾನು ನೋಡಿದ್ದೇನೆ. ಹೆಸರುಪಟ್ಟಿಯ ಕಾಗುಣಿತವನ್ನು ಅರ್ಜಿಯಲ್ಲಿ ಬರೆದ ಹಾಗೇ ಕತ್ತರಿಸಿ ಅಂಟಿಸುತ್ತಾರೆ. ಅರ್ಜಿ ತುಂಬಿದವರು ಅವಸರ ಮಾಡಿದ್ದರೆ ಮೂರು ದಿನ ತಪ್ಪು ಹೆಸರಿನ ಕೆಳಗೆ ಕೂರಬೇಕು. ಬಾಡಿಗೆ ಒಂದು ರೂಪಾಯಿ ಆದರೆ ಒಟ್ಟು ಖರ್ಚು ಮೂರು ರೂಪಾಯಿ ಎಂಬುದು ಮೇಳ ಸುತ್ತಿದವರ ಅಂದಾಜು. ಮಿಕ್ಕ ಎರಡು ಸಾಗಣೆ, ಟಿಕೆಟ್ಟು, ಹೋಟೆಲು, ದುಭಾಷಿಗೆ ಹೋಗುತ್ತದೆ. ದುಭಾಷಿಯಲ್ಲಿ ಜಿಪುಣತನ ಬೇಡ. ಉಕ್ರೇನಿನ ಸಗಟು ವ್ಯಾಪಾರಿಗೆ ನಿಮ್ಮ ಇಂಗ್ಲಿಷ್ ಅರ್ಥವಾಗದಿದ್ದರೆ ಅವನು ನಕ್ಕು ಬ್ರೋಷರ್ ತಗೊಂಡು ಹೋಗುತ್ತಾನೆ.

ಈ ಖರ್ಚಿನಲ್ಲಿ ಒಂದು ಪಾಲು ಸರ್ಕಾರದಿಂದ ಸಿಗುವ ದಾರಿಯೂ ಇದೆ. ರಫ್ತು ಉತ್ತೇಜನ ಮಂಡಳಿಗಳು ಕೆಲವು ಮೇಳಗಳಲ್ಲಿ ಭಾರತದ ಪೆವಿಲಿಯನ್ ಕಟ್ಟುತ್ತವೆ. ಎಂಜಿನಿಯರಿಂಗ್ ಸರಕಿಗೆ 1955ರಿಂದ ಇರುವ ಇಇಪಿಸಿ, ಕಲ್ಲು, ಸೆರಾಮಿಕ್ಕಿಗೆ ಕ್ಯಾಪೆಕ್ಸಿಲ್. ನಮ್ಮ ರಾಜ್ಯದವರಿಗೆ ಬೆಂಗಳೂರಿನ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರವಿದೆ. ಪೆವಿಲಿಯನ್‌ನಲ್ಲಿ ಒಂದು ತೊಂದರೆ, ಅಕ್ಕಪಕ್ಕ ಎಲ್ಲ ನಮ್ಮವರೇ. ಚಪಾತಿ ಡಬ್ಬಿ ಹಂಚಿಕೊಂಡು ದಿನ ಕಳೆದುಬಿಡುತ್ತದೆ.

ಮಾದರಿ ಸರಕು ಗಡಿ ದಾಟುವುದಕ್ಕೆ ಎಟಿಎ ಕಾರ್ನೆ ಎಂಬ ದಾಖಲೆ ಇದೆ. ಭಾರತದಲ್ಲಿ ಕೊಡುವುದು ವಾಣಿಜ್ಯ ಮಂಡಳಿಗಳ ಒಕ್ಕೂಟ ಫಿಕ್ಕಿ. ಒಂದು ವರ್ಷ ನಡೆಯುವ ಇದು ಸರಕಿನ ಪಾಸ್‌ಪೋರ್ಟು ಇದ್ದ ಹಾಗೆ. ತೋರಿಸಿ ವಾಪಸು ತರುತ್ತೇನೆ ಎಂಬ ಮಾತಿನ ಮೇಲೆ ಸುಂಕ ಕಟ್ಟದೆ ಒಳಗೆ ಬಿಡುತ್ತಾರೆ. ಹಂಚಿಬಿಡುವ ಪೆನ್ನು, ಕ್ಯಾಲೆಂಡರು ಇದರಡಿ ಬರುವುದಿಲ್ಲ. ಕೊನೆಯ ದಿನ ಯಾರೋ ಇಷ್ಟಪಟ್ಟರೆಂದು ಕ್ಲಾಂಪನ್ನು ಅಲ್ಲೇ ಮಾರಿಬಂದರೆ, ಹಿಂತಿರುಗುವಾಗ ಕಸ್ಟಮ್ಸಿನಲ್ಲಿ ಲೆಕ್ಕ ತಾಳೆಯಾಗದೆ ಸುಂಕದ ನೋಟಿಸು ಬೆನ್ನಟ್ಟಿ ಬರುತ್ತದೆ.

ಇನ್ನು ಪ್ರಮಾಣಪತ್ರ. ಐಎಸ್‌ಐ ಗುರುತಿಗೆ ಇಲ್ಲಿ ಬೆಲೆಯಿದೆ, ಅಲ್ಲಿ ಕೇಳುವುದು ಯುರೋಪಿನ ‘ಇಎನ್’ ಮಾನಕ, ಸಿಇ ಗುರುತು. ಉಕ್ರೇನು ಯುರೋಪಿನ ಒಕ್ಕೂಟ ಸೇರಲು ಹೊರಟಿರುವುದರಿಂದ ತನ್ನ ಕಟ್ಟಡ ನಿಯಮಗಳನ್ನೂ ಅದಕ್ಕೇ ಹೊಂದಿಸಿಕೊಳ್ಳುತ್ತಿದೆ. ಮಾನ್ಯತೆ ಪಡೆದ ಲ್ಯಾಬಿನ ಪರೀಕ್ಷಾ ವರದಿ ಇಲ್ಲದೆ ಮೇಳಕ್ಕೆ ಹೋಗುವುದು ಜಾತಕ ಇಲ್ಲದೆ ಹೆಣ್ಣು ನೋಡಲು ಹೋದಂತೆ. ಉಪ್ಪಿಟ್ಟು ಸಿಗುತ್ತದೆ, ಮಾತು ಮುಂದುವರಿಯುವುದಿಲ್ಲ. ಸರಕು ಸಾಗಿಸುವ ಲೆಕ್ಕದಲ್ಲಿ ಇನ್ನೊಂದು ವಿವರ ಸೇರಿಸಿಕೊಳ್ಳಿ. ಪೋಲೆಂಡಿನ ರೈಲು ಹಳಿಯ ಅಗಲ 1435 ಮಿಲಿಮೀಟರ್, ಉಕ್ರೇನಿನದು 1520. ಗಡಿಯಲ್ಲಿ ಕಂಟೇನರನ್ನು ಒಂದು ರೈಲಿನಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು, ಇಲ್ಲವೇ ಚಕ್ರದ ಗಾಡಿಯನ್ನೇ ಬದಲಿಸಬೇಕು. ದರ ಕೊಡುವಾಗ ವಾರ್ಸಾದ ತನಕದ್ದೋ ಕೀವ್‌ನ ಗೋದಾಮಿನ ತನಕದ್ದೋ ಎಂದು ಬಾಯಿಬಿಟ್ಟು ಹೇಳದಿದ್ದರೆ, ಆ 85 ಮಿಲಿಮೀಟರ್ ವ್ಯತ್ಯಾಸದ ಖರ್ಚು ನಿಮ್ಮ ಲಾಭದಲ್ಲೇ ಕಳೆಯುತ್ತದೆ.

ದುಡ್ಡು ವಾಪಸು ಬರುವ ದಾರಿಯೂ ನೋಡಬೇಕು. ನಮ್ಮ ಇಸಿಜಿಸಿ ರಫ್ತಿನ ಬಾಕಿಗೆ ವಿಮೆ ಕೊಡುತ್ತದೆ. ದೇಶಗಳನ್ನು ಅಪಾಯಕ್ಕೆ ತಕ್ಕಂತೆ ವಿಂಗಡಿಸಿ ಪಟ್ಟಿ ಮಾಡಿದೆ. ಸ್ಟಾಲಿನ ಮುಂಗಡ ಕಟ್ಟುವ ಮುಂಚೆ ಆ ಪಟ್ಟಿ ತೆರೆಯಿರಿ. ಸ್ಟಾಲು ಸಿಕ್ಕಿತೆಂದ ಮಾತ್ರಕ್ಕೆ ಬ್ಯಾಂಕಿನ ದಾರಿ ತೆರೆದಿದೆ ಎಂದಲ್ಲ. ಡಮಾಸ್ಕಸ್ ಅಂತರರಾಷ್ಟ್ರೀಯ ಮೇಳ 1954ರಷ್ಟು ಹಳೆಯದು; ಯುದ್ಧದಿಂದ ನಿಂತು 2017ರಲ್ಲಿ ಮತ್ತೆ ಶುರುವಾಯಿತು. 2019ರ ಮೇಳಕ್ಕೆ ಮುಂಚೆ, ಸಿರಿಯಾದ ಅಂದಿನ ಆಡಳಿತದ ಜೊತೆ ವ್ಯವಹರಿಸುವವರು ನಿರ್ಬಂಧಕ್ಕೆ ಸಿಕ್ಕಿಬೀಳಬಹುದು ಎಂದು ಅಮೆರಿಕ ಬಹಿರಂಗವಾಗಿ ಎಚ್ಚರಿಸಿತು. ಸಭಾಂಗಣದಲ್ಲಿ ದೀಪ ಉರಿಯುತ್ತಿತ್ತು, ಡಾಲರ್ ಬರುವ ಕೊಳವೆ ಮುಚ್ಚಿತ್ತು. 2024ರ ಡಿಸೆಂಬರ್‌ನಲ್ಲಿ ಆ ಆಡಳಿತ ಬಿದ್ದು, 2025ರಲ್ಲಿ ಅಮೆರಿಕ ನಿರ್ಬಂಧ ಸಡಿಲಿಸಿದ ಮೇಲಷ್ಟೇ ಅಲ್ಲಿನ ಲೆಕ್ಕ ಬದಲಾದದ್ದು.

ಮೇಳದ ಓಣಿಗಳಲ್ಲಿ ಇನ್ನೊಂದು ಜಾತಿಯ ಜನ ಸಿಗುತ್ತಾರೆ. ಮಂತ್ರಿಯ ಆಪ್ತ ನನಗೆ ಗೊತ್ತು, ಮೊದಲು ನೋಂದಣಿ ಶುಲ್ಕ ಕಟ್ಟಿ ಎನ್ನುವವರು. ಸಂತೆ ಸೇರುವ ಮುಂಚೆ ಗಂಟುಕಳ್ಳರು ಸೇರಿದರು ಎಂಬ ಗಾದೆ ಇವರಿಗೆಂದೇ ಇದ್ದಂತಿದೆ. ನಿಜವಾದ ಪಾಲುದಾರ ಹಾಗೆ ಮಾತಾಡುವುದಿಲ್ಲ. ಗೋದಾಮು ತೋರಿಸುತ್ತಾನೆ, ಹಿಂದೆ ಯಾವ ಟೆಂಡರಿನಲ್ಲಿ ಠೇವಣಿ ಕಟ್ಟಿದ್ದ ಎಂದು ಹೇಳುತ್ತಾನೆ, ನಿಮ್ಮ ಲ್ಯಾಬ್ ವರದಿಯಲ್ಲಿ ತಪ್ಪು ಹುಡುಕುತ್ತಾನೆ. ತಪ್ಪು ಹುಡುಕಿದವನ ಕಾರ್ಡನ್ನು ಬೇರೆ ಜೇಬಿನಲ್ಲಿಡಿ.

ಹೊರಗಿನವರು ನಮ್ಮ ಮಾರುಕಟ್ಟೆಗೆ ಹೇಗೆ ಬಂದರು ಎಂದು ನೋಡಬೇಕಾದರೆ ವಾರ್ಸಾ ಬೇಡ, ಬೆಂಗಳೂರಿನ ತುಮಕೂರು ರಸ್ತೆಗೆ ಹೋದರೆ ಸಾಕು. ಎರಡು ವರ್ಷಕ್ಕೊಮ್ಮೆ ಅಲ್ಲಿ ನಡೆಯುವ ಎಕ್ಸ್‌ಕಾನ್ ದಕ್ಷಿಣ ಏಷ್ಯಾದ ಅತಿ ದೊಡ್ಡ ನಿರ್ಮಾಣ ಯಂತ್ರ ಮೇಳ. ಈಗ ಮಾದಾವರದವರೆಗೆ ಮೆಟ್ರೊ ಇದೆ. ಜೆಸಿಬಿಗಳು ಸಂಗೀತಕ್ಕೆ ಸೊಂಡಿಲೆತ್ತಿ ಕುಣಿಯುವುದನ್ನು ಮಕ್ಕಳು ಬಾಯಿಬಿಟ್ಟು ನೋಡುತ್ತಾರೆ. ಅಪ್ಪಂದಿರು ಪಕ್ಕದ ಸ್ಟಾಲಿನಲ್ಲಿ ಬಕೆಟ್ ಹಲ್ಲಿನ ದರ ಕೇಳುತ್ತಿರುತ್ತಾರೆ. ಸ್ವೀಡನ್ನಿನ ವೋಲ್ವೋ ಪೀಣ್ಯದಲ್ಲಿ, ಜಪಾನಿನ ಹಿಟಾಚಿ ಟಾಟಾ ಜೊತೆ ಸೇರಿ ಧಾರವಾಡದಲ್ಲಿ ಯಂತ್ರ ಮಾಡುತ್ತಿವೆ. ಯಾರೂ ಸ್ಟಾಲು ಹಾಕಿ ಹೋಗಿಬಿಡಲಿಲ್ಲ. ಪಾಲುದಾರರನ್ನು ಹಿಡಿದರು, ಬಿಡಿಭಾಗದ ಅಂಗಡಿ ತೆರೆದರು, ಮೆಕ್ಯಾನಿಕ್ಕುಗಳಿಗೆ ತರಬೇತಿ ಕೊಟ್ಟರು.

ಕೊನೆಯ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಯಾವ ಮೇಳದಲ್ಲಾದರೂ ಸೆಲ್ಲೊಟೇಪು ಹರಿಯುವ ಸದ್ದು ಕೇಳತೊಡಗುತ್ತದೆ. ಅದೇ ಹೊತ್ತಿಗೆ ಆಯೋಜಕರ ಮೇಜಿನ ಮೇಲೆ ಮುಂದಿನ ಮೇಳದ ನಕ್ಷೆ ಬಿಚ್ಚಿರುತ್ತದೆ, ಹಳಬರು ಪೆನ್ನು ಹಿಡಿದು ಬಾಗಿರುತ್ತಾರೆ. ಬಾಗಿಲ ಪಕ್ಕದ ಮೂಲೆಯ ಗೂಡು ಬೇಕೆಂದರೆ ಬಿಳಿ ಹಲಗೆ ಕಳಚುವ ಮುಂಚೆಯೇ ಆ ಮೇಜಿನ ಬಳಿ ಹೋಗಬೇಕು. ಜೇಬಿನ ಕಾರ್ಡಿನವನಿಗೆ ಮುಂದಿನ ಸಲದ ಸ್ಟಾಲು ನಂಬರ್ ಬರೆದುಕೊಟ್ಟೇ ವಿಮಾನ ನಿಲ್ದಾಣಕ್ಕೆ ಹೊರಡಿ.