ಬಿಟ್ಟುಬಂದ ಮನೆ

ಕಾಲೇಜಿನಲ್ಲಿ ಚರಿತ್ರೆಯನ್ನು ಬೋಧಿಸುವ ನಮ್ಮಂಥವರಿಗೆ ಒಂದು ದುರಭ್ಯಾಸವುಂಟು. ಕೌಲಿಗೆ ಸಹಿ ಬಿದ್ದ ತಾರೀಖನ್ನು ಕರಿಹಲಗೆಯ ಮೇಲೆ ಬರೆದು, ಯುದ್ಧವು ಅಲ್ಲಿಗೆ ಮುಗಿಯಿತೆಂದು ಹೇಳಿ, ಮುಂದಿನ ಅಧ್ಯಾಯಕ್ಕೆ ಹೋಗಿಬಿಡುತ್ತೇವೆ. ಮನೆಮಠಗಳನ್ನು ಬಿಟ್ಟು ಓಡಿಬಂದು ಇನ್ನೊಬ್ಬರ ಜಗಲಿಯಲ್ಲಿ ಮಲಗಿರುವವನಿಗೆ ಆ ತಾರೀಖಿನಿಂದ ಆಗುವ ಪ್ರಯೋಜನವೇನು? ಅವನ ಮಟ್ಟಿಗೆ ಯುದ್ಧವು ಮುಗಿಯುವುದು ಅವನ ಮನೆಯ ಬಾಗಿಲು ಅವನಿಗೆ ಮತ್ತೆ ತೆರೆದಾಗ. ಈ ಮಾತಿಗೆ ಬಾಸ್ನಿಯ-ಹರ್ಜೆಗೊವಿನ ದೇಶದ ಈಚಿನ ಚರಿತ್ರೆಗಿಂತ ಒಳ್ಳೆಯ ನಿದರ್ಶನವು ನಮಗೆ ತೋರದು. ಶ್ರೋತೃಗಳು ಸ್ವಲ್ಪ ಹೊತ್ತು ನಮ್ಮೊಡನೆ ಆ ಕಡೆಗೆ ದೃಷ್ಟಿಯನ್ನು ತಿರುಗಿಸಬೇಕೆಂದು ಕೋರುತ್ತೇವೆ.

ಹಿಂದಿನ ಯುಗೋಸ್ಲಾವಿಯದ ಈ ಭಾಗದಲ್ಲಿ, 1991ರ ಜನಗಣತಿಯ ಕಾಲಕ್ಕೆ, ಸುಮಾರು 44 ಲಕ್ಷ ಜನರಿದ್ದರು. ಬಾಸ್ನಿಯಾಕರೆನ್ನಿಸುವ ಮುಸಲ್ಮಾನರು, ಆರ್ಥಡಾಕ್ಸ್ ಪಂಥದ ಸರ್ಬರು, ಕ್ಯಾಥೊಲಿಕ್ ಪಂಥದ ಕ್ರೊಯಟರು ಇವರೇ ಮುಖ್ಯರು. ಇವರೆಲ್ಲರೂ ಆಡುವ ಮಾತು ಹೆಚ್ಚುಕಡಮೆ ಒಂದೇ. 1992ರಿಂದ 1995ರವರೆಗೆ ನಡೆದ ಯುದ್ಧದಲ್ಲಿ ಸುಮಾರು ಒಂದು ಲಕ್ಷ ಮಂದಿ ಮಡಿದರು. ದೇಶದ ಅರ್ಧದಷ್ಟು ಜನ, ಎಂದರೆ 20 ಲಕ್ಷಕ್ಕೂ ಮೇಲ್ಪಟ್ಟವರು, ಊರು ಬಿಟ್ಟರು. ಇದನ್ನು ಯುದ್ಧದ ಪಕ್ಕದ ಪರಿಣಾಮವೆಂದು ಎಣಿಸಕೂಡದು. ನೆರೆಯವರನ್ನು ಓಡಿಸುವುದೇ ಆ ಯುದ್ಧದ ಒಂದು ಉದ್ದೇಶವಾಗಿದ್ದಿತು.

ಇಂತಹ ಸಂದರ್ಭಗಳಲ್ಲಿ ರಾಜನೀತಿಜ್ಞರು ಹಿಂದೆ ಹಿಡಿದಿದ್ದ ದಾರಿ ಬೇರೆ. 1923ರಲ್ಲಿ ಲೋಸಾನಿನಲ್ಲಿ ಮಾಡಿಕೊಂಡ ಒಪ್ಪಂದದಂತೆ ಗ್ರೀಸ್ ಮತ್ತು ತುರ್ಕಿ ದೇಶಗಳು ಜನರನ್ನೇ ಅದಲುಬದಲು ಮಾಡಿಕೊಂಡುವು. ನಮ್ಮಲ್ಲಿಯೂ 1947ರ ವಿಭಜನೆಯಲ್ಲಿ ಹೋದವರು ಬಿಟ್ಟ ಆಸ್ತಿಯನ್ನು 1954ರ ಕಾನೂನು ಬಂದವರಿಗೆ ಪರಿಹಾರವಾಗಿ ಕೊಡಲು ಉಪಯೋಗಿಸಿಕೊಂಡಿತು. ಹಿಂದಿರುಗುವ ಮಾತೇ ಇರಲಿಲ್ಲ. ಅಮೆರಿಕದ ಡೇಟನ್ ನಗರದಲ್ಲಿ ಸಿದ್ಧವಾಗಿ, 1995ರ ಡಿಸೆಂಬರ್ 14ರಂದು ಪ್ಯಾರಿಸಿನಲ್ಲಿ ಸಹಿಯಾದ ಬಾಸ್ನಿಯದ ಒಪ್ಪಂದವಾದರೋ, ತನ್ನ ಏಳನೆಯ ಅನುಬಂಧದಲ್ಲಿ, ಊರು ಬಿಟ್ಟವರೆಲ್ಲರಿಗೂ ತಮ್ಮ ಮೊದಲಿನ ಮನೆಗೇ ಮರಳುವ ಹಕ್ಕುಂಟೆಂದು ಸಾರಿತು. ಮನೆಯು ಸಿಕ್ಕದವರಿಗೆ ಹಣ ಕೊಡಬೇಕೆಂದು ಒಂದು ನಿಧಿಯನ್ನೂ ಹೇಳಿತ್ತು. ಆ ನಿಧಿಯು ಏರ್ಪಡಲೇ ಇಲ್ಲ.

ಹಕ್ಕನ್ನು ಬರೆಯುವುದು ಸುಲಭ. ಯುದ್ಧಕಾಲದ ಸರ್ಕಾರಗಳು ಖಾಲಿಯಾದ ಮನೆಗಳನ್ನು ತಮ್ಮವರಿಗೆ ಹಂಚಿಬಿಟ್ಟಿದ್ದುವು. ಬಾಸ್ನಿಯಾಕರು ಮತ್ತು ಕ್ರೊಯಟರು ಸೇರಿದ ಫೆಡರೇಷನ್ ಭಾಗದಲ್ಲಿ ಒಂದು ವಿಚಿತ್ರವಾದ ಕಾನೂನಿದ್ದಿತು: ಸಾರ್ವಜನಿಕ ಒಡೆತನದ ಮನೆಯಲ್ಲಿ ಹಿಂದೆ ವಾಸವಾಗಿದ್ದವನು, ಯುದ್ಧ ನಿಂತ ಮೇಲೆ, ದೇಶದೊಳಗಿದ್ದರೆ 7 ದಿನಗಳೊಳಗೆ, ಹೊರಗಿದ್ದರೆ 15 ದಿನಗಳೊಳಗೆ ಬಂದು ಕೇಳತಕ್ಕದ್ದು, ತಪ್ಪಿದರೆ ಹಕ್ಕು ಹೋಯಿತು. ಗುಂಡಿನ ಸದ್ದು ಅಡಗಿ ಇನ್ನೂ ಹೆಚ್ಚು ಕಾಲವಾಗಿಲ್ಲ, ದಾರಿಗಳಲ್ಲಿ ನೆಲಬಾಂಬುಗಳಿವೆ; ಜರ್ಮನಿಯಲ್ಲಿ ತಲೆಮರೆಸಿಕೊಂಡಿರುವ ಸಂಸಾರವು ಹದಿನೈದು ದಿನಗಳಲ್ಲಿ ಬರುವ ಬಗೆ ಹೇಗೆ? ಬಾರದಿರಲೆಂದೇ ಆ ಗಡುವು.

ಮನೆಯೊಳಗೆ ಸೇರಿಕೊಂಡಿದ್ದವರೆಲ್ಲರೂ ದುಷ್ಟರಾಗಿದ್ದರೆ ನ್ಯಾಯವು ಸುಲಭವಾಗುತ್ತಿತ್ತು. ಬನ್ಯಲೂಕವನ್ನು ಬಿಟ್ಟ ಬಾಸ್ನಿಯಾಕನ ಮನೆಯಲ್ಲಿ ಸರಯೇವೊದಿಂದ ಬಂದ ಸರ್ಬನಿರುವನು. ಸರಯೇವೊದ ಅವನ ಮನೆಯಲ್ಲಿ ಮತ್ತಾವುದೋ ಊರಿನ ನಿರಾಶ್ರಿತನು. ‘ನನ್ನ ಮನೆ ನನಗೆ ಬರಲಿ, ಆಮೇಲೆ ಇದನ್ನು ಬಿಡುತ್ತೇನೆ’ ಎಂದು ಪ್ರತಿಯೊಬ್ಬನೂ ಹೇಳಿದರೆ ಸರಪಣಿಯ ಒಂದು ಕೊಂಡಿಯೂ ಕಳಚುವಂತಿಲ್ಲ. ಎರಡೆರಡು ಮನೆಗಳನ್ನು ಹಿಡಿದುಕೊಂಡಿದ್ದ ಅಧಿಕಾರಸ್ಥರಿಗೂ ಇದೇ ಒಳ್ಳೆಯ ನೆಪವಾಯಿತು.

ಕಗ್ಗಂಟು ಸಡಿಲವಾದದ್ದು ಶಾಂತಿಯ ಉಪನ್ಯಾಸಗಳಿಂದಲ್ಲ, ಕಚೇರಿಯ ಕ್ರಮದಿಂದ. ಒಪ್ಪಂದದ ಜಾರಿಗಾಗಿ ನೇಮಕವಾಗಿದ್ದ ವಿದೇಶೀಯ ಉನ್ನತ ಪ್ರತಿನಿಧಿಯು 1999ರ ಅಕ್ಟೋಬರಿನಲ್ಲಿ ಎರಡು ಭಾಗಗಳಿಗೂ ಒಂದೇ ಬಗೆಯ ಆಸ್ತಿ ಕಾನೂನನ್ನು ವಿಧಿಸಿದನು. ಮರುತಿಂಗಳು, ಒಪ್ಪಂದಕ್ಕೆ ಅಡ್ಡಿಯಾದರೆಂದು 22 ಮಂದಿ ಅಧಿಕಾರಿಗಳು ಕೆಲಸ ಕಳೆದುಕೊಂಡರು. ಅರ್ಜಿದಾರನ ಜಾತಿಮತಗಳನ್ನು ನೋಡದೆ ಅರ್ಜಿಯ ತಾರೀಖನ್ನು ಮಾತ್ರ ನೋಡಿ, ಮೊದಲು ಬಂದುದನ್ನು ಮೊದಲು ತೀರ್ಮಾನಿಸುವ ಪದ್ಧತಿಯು ಕ್ರಮೇಣ ನೆಲೆಗೊಂಡಿತು. ಯಾವ ಪುರಸಭೆಯು ಎಷ್ಟು ಅರ್ಜಿಗಳನ್ನು ಮುಗಿಸಿತೆಂಬ ಲೆಕ್ಕವೂ ಪ್ರಕಟವಾಗುತ್ತಿತ್ತು. ಸುಮಾರು 2 ಲಕ್ಷ ಅರ್ಜಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವು ಕೆಲವೇ ವರ್ಷಗಳಲ್ಲಿ ಇತ್ಯರ್ಥವಾದುವು. ಆ ಗುಮಾಸ್ತರ ಹೆಸರು ಯಾವ ಪಠ್ಯಪುಸ್ತಕದಲ್ಲಿಯೂ ಬರುವುದಿಲ್ಲ.

ಇನ್ನೊಂದು ಸಣ್ಣ ಸಂಗತಿ. ಮೋಟಾರಿನ ನಂಬರು ಹಲಗೆಯಿಂದಲೇ ಅದು ಯಾರ ಕಡೆಯದೆಂದು ತಿಳಿಯುತ್ತಿದ್ದುದರಿಂದ ಗಡಿ ದಾಟಲು ಜನ ಹೆದರುತ್ತಿದ್ದರು. 1998ರಲ್ಲಿ, ಲ್ಯಾಟಿನ್ ಮತ್ತು ಸಿರಿಲಿಕ್ ಲಿಪಿಗಳೆರಡರಲ್ಲಿಯೂ ಒಂದೇ ಆಕಾರವಿರುವ ಅಕ್ಷರಗಳನ್ನು ಮಾತ್ರ ಆರಿಸಿ, ಊರಿನ ಗುರುತಿಲ್ಲದ ಹೊಸ ಹಲಗೆಗಳನ್ನು ಕೊಟ್ಟರು. ಸ್ವಂತ ಊರನ್ನು ಒಮ್ಮೆ ನೋಡಿ ಬರುವ ಧೈರ್ಯ ಹಲವರಿಗೆ ಅದರಿಂದ ಬಂದಿತು.

2004ರ ಸೆಪ್ಟೆಂಬರಿನ ವೇಳೆಗೆ ಮರಳಿದವರ ಸಂಖ್ಯೆಯು ಹತ್ತು ಲಕ್ಷವಾಯಿತೆಂದು ವಿಶ್ವಸಂಸ್ಥೆಯ ನಿರಾಶ್ರಿತರ ಇಲಾಖೆಯು ತಿಳಿಸಿತು. ಅವರಲ್ಲಿ ಸುಮಾರು ನಾಲ್ಕೂವರೆ ಲಕ್ಷ ಮಂದಿ ತಾವು ಅಲ್ಪಸಂಖ್ಯಾತರಾಗಿಬಿಟ್ಟಿದ್ದ ಊರುಗಳಿಗೇ ಹೋದವರು. ಆದರೂ ಮನೆಯ ಬೀಗದ ಕೈ ಬಂದೊಡನೆಯೇ ಅದನ್ನು ಮಾರಿ, ತಮ್ಮವರು ಹೆಚ್ಚಾಗಿರುವ ಕಡೆಗೆ ಹೋದವರೂ ಬಹಳ. ಅವರನ್ನು ಹಳಿಯಲು ನಮಗೆ ಮನಸ್ಸು ಬಾರದು. ಮುದುಕರು ಮರಳಿ ಬಂದು ಬಾವಿ ತೋಡಿ, ಮಾಡು ಹೊದೆಸಿ, ಹಿತ್ತಲಲ್ಲಿ ಪ್ಲಮ್ ಗಿಡಗಳನ್ನು ನೆಟ್ಟರು. ಮಕ್ಕಳು ಕೆಲಸವಿರುವ ಊರಿನಲ್ಲಿ ನಿಂತರು. ಮೊಮ್ಮಕ್ಕಳೊಡನೆ ಬಂದ ಸಂಸಾರಗಳಿಗೆ ಎದುರಾದುದು ಶಾಲೆಯ ಪ್ರಶ್ನೆ. ನಡುಬಾಸ್ನಿಯ ಮತ್ತು ಹರ್ಜೆಗೊವಿನಗಳ ಹಲವು ಊರುಗಳಲ್ಲಿ ಒಂದೇ ಸೂರಿನ ಕೆಳಗೆ ಎರಡು ಶಾಲೆಗಳನ್ನು ಏರ್ಪಡಿಸಿದರು: ಬಾಸ್ನಿಯಾಕ ಮಕ್ಕಳಿಗೆ ಒಂದು, ಕ್ರೊಯಟರ ಮಕ್ಕಳಿಗೆ ಒಂದು, ಪಾಠಕ್ರಮ ಬೇರೆ, ಉಪಾಧ್ಯಾಯರು ಬೇರೆ, ಕೆಲವು ಕಡೆ ಒಳಗೆ ಹೋಗುವ ಬಾಗಿಲೂ ಬೇರೆ.