ಮಾಸಿನ ತೊಂದರೆಗಳೂ ಗರ್ಭದ ಕೂಸಿನ ಅಪಾಯವೂ

ನಮ್ಮ ಸೀಮೆಯಲ್ಲಿ ಮಾಸನ್ನು ‘ಕಸ’ವೆಂದು ಕರೆದು, ಹೆರಿಗೆಯಾದ ಮೇಲೆ ಹೂಳಿಬಿಡುವ ರೂಢಿಯುಂಟು. ಆದರೆ ಒಂಬತ್ತು ತಿಂಗಳ ಪರ್ಯಂತ ತಾಯಿಯ ರಕ್ತದಿಂದ ಪ್ರಾಣವಾಯುವನ್ನೂ ಆಹಾರವನ್ನೂ ಪಡೆದು ಹೊಕ್ಕುಳ ಬಳ್ಳಿಯ ಮೂಲಕ ಕೂಸಿಗೆ ಮುಟ್ಟಿಸುವುದು ಈ ಕಸವೇ. ಇದು ತಕ್ಕ ಸ್ಥಳದಲ್ಲಿ ಬೆಳೆಯದಿದ್ದರೆ, ಇಲ್ಲವೆ ಹೆರಿಗೆಗೆ ಮುಂಚೆಯೇ ಕಳಚಿಕೊಂಡರೆ, ತಾಯಿ ಮಕ್ಕಳಿಬ್ಬರಿಗೂ ಗಂಡಾಂತರವಾಗುವುದು.

ಮೊದಲನೆಯ ತೊಂದರೆಯಲ್ಲಿ ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಬೆಳೆದಿರುವುದು. ಸುಮಾರು 200 ಹೆರಿಗೆಗಳಲ್ಲಿ ಒಂದರಲ್ಲಿ ಹೀಗಾಗುವುದುಂಟು. ಮುಂಚೆ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿಕೊಂಡವರಲ್ಲಿಯೂ, ಹಲವು ಸಲ ಹೆತ್ತವರಲ್ಲಿಯೂ, 35 ವರ್ಷ ಮೀರಿದವರಲ್ಲಿಯೂ ಇದು ಹೆಚ್ಚು. ಇದರ ಗುರುತು ನೋವಿಲ್ಲದ ರಕ್ತಸ್ರಾವ. ನೋವಿಲ್ಲವೆಂದೇ ಮನೆಯವರು ಇದನ್ನು ಅಲಕ್ಷಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅತಿ ಹೆಚ್ಚು ಮೋಸಗೊಳಿಸುವ ಲಕ್ಷಣವೇ ಇದು. ಇಂಥವಳನ್ನು ಮನೆಯಲ್ಲಿ ಯಾರೂ ಬೆರಳಿಟ್ಟು ಪರೀಕ್ಷಿಸಕೂಡದು. ಅದರಿಂದ ರಕ್ತವು ತಡೆಯಲಾರದಷ್ಟು ಹರಿಯಬಹುದು.

ಎರಡನೆಯದರಲ್ಲಿ ಮಾಸು ಸರಿಯಾದ ಸ್ಥಳದಲ್ಲಿದ್ದರೂ ಕಾಲಕ್ಕೆ ಮುಂಚೆ ಕಳಚುವುದು. ಹೊಟ್ಟೆ ನೋಯುವುದು, ಹಲಗೆಯಂತೆ ಬಿಗಿಯುವುದು. ಕೂಸಿನ ಮಿಸುಕಾಟ ಕುಗ್ಗುವುದು. ರಕ್ತವು ಒಳಗೇ ನಿಂತು, ಹೊರಗೆ ಅಲ್ಪವೇ ಕಾಣಬಹುದು. ಏರಿದ ರಕ್ತದೊತ್ತಡ, ಹೊಟ್ಟೆಗೆ ಬಿದ್ದ ಪೆಟ್ಟು, ಹಿಂದಿನ ಬಸಿರಿನಲ್ಲಿ ಹೀಗೆಯೇ ಆಗಿದ್ದುದು, ಧೂಮಪಾನ, ಇವು ಮುಖ್ಯ ಕಾರಣಗಳು. ಹಲ್ಲಿಗೆ ಮಿಶ್ರಿ ತಿಕ್ಕುವುದೂ ನಿರಪಾಯವಲ್ಲ. ತಂಬಾಕು ಯಾವ ಬಗೆಯಿಂದ ದೇಹವನ್ನು ಸೇರಿದರೂ ಕೂಸಿನ ತೂಕವನ್ನು ಕುಗ್ಗಿಸುವುದು.

ಹಾಗಾದರೆ ಯಾವ ಕೂಸು ಉಳಿಯುವುದು, ಯಾವುದು ಉಳಿಯದು? ಮಾಸು ಅಡ್ಡವಿದ್ದಾಗ ಕೂಸಿನ ಮುಖ್ಯ ಶತ್ರು ಅಕಾಲ ಜನನ. ರಕ್ತ ನಿಲ್ಲದೆ 34 ವಾರಗಳೊಳಗೆ ಹೆರಿಗೆ ಮಾಡಿಸಬೇಕಾದರೆ ಕೂಸಿನ ಪುಪ್ಪುಸಗಳು ಬಲಿತಿರುವುದಿಲ್ಲ. ಅವು ಬೇಗ ಬಲಿಯಲೆಂದು ತಾಯಿಗೆ ಸೂಜಿಮದ್ದು ಕೊಡುವ ಕ್ರಮವು 1972ರಲ್ಲಿ ನ್ಯೂಜೀಲೆಂಡಿನ ವೈದ್ಯರ ಪ್ರಯೋಗದಿಂದ ಪ್ರಚಾರಕ್ಕೆ ಬಂದಿತು. ಆದರೆ ಅದು ಪೂರ್ಣ ಫಲ ಕೊಡಲು ಒಂದೆರಡು ದಿನ ಬೇಕು. ಮಾಸು ಕಳಚಿದಾಗಲಾದರೋ ದಿನಗಳ ಮಾತಿಲ್ಲ. ಅರ್ಧಕ್ಕಿಂತ ಹೆಚ್ಚು ಕಳಚಿದರೆ ಕೂಸು ಗರ್ಭದಲ್ಲಿಯೇ ಸಾಯುವ ಸಂಭವ ಬಹಳ. ಎರಡರಲ್ಲಿಯೂ ತಾಯಿಯು ಮೊದಲೇ ರಕ್ತಹೀನಳಾಗಿದ್ದರೆ ಅಪಾಯ ಇಮ್ಮಡಿಸುವುದು. ಹಿಮೋಗ್ಲೋಬಿನ್ 7 ಗ್ರಾಂಗೆ ಇಳಿದವಳು ಅಲ್ಪ ಸ್ರಾವವನ್ನೂ ತಾಳಲಾರಳು.

ಇಲ್ಲಿ ನಮ್ಮ ಒಂದು ಪದ್ಧತಿಯ ವಿಷಯ ಹೇಳಬೇಕಾಗಿದೆ. ಏಳನೆಯ ತಿಂಗಳಲ್ಲಿ ಕುಬಸ ಮಾಡಿ ಚೊಚ್ಚಲ ಬಸುರಿಯನ್ನು ತವರಿಗೆ ಕಳುಹಿಸುತ್ತೇವೆ. ಈ ರಕ್ತಸ್ರಾವಗಳು ಹೆಚ್ಚಾಗಿ ತೋರುವುದೂ ಆ ಬಳಿಕವೇ. ಗಂಡನ ಊರಿನಲ್ಲಿ ತೆಗೆಸಿದ ಸ್ಕ್ಯಾನಿನ ಕಾಗದವು ಅಲ್ಲಿಯೇ ಪೆಟ್ಟಿಗೆಯಲ್ಲಿ ಉಳಿದರೆ, ಮಾಸು ಕೆಳಗಿದೆಯೆಂಬುದು ತವರಿನವರಿಗೆ ತಿಳಿಯುವುದೆಂತು? ಸೀರೆ, ಬಳೆಗಳ ಸಂಗಡ ತಾಯಿ ಕಾರ್ಡೂ ಸ್ಕ್ಯಾನಿನ ಕಾಗದವೂ ಹೋಗತಕ್ಕದ್ದು. ಐದನೆಯ ತಿಂಗಳಲ್ಲಿ ಕೆಳಗೆ ಕಂಡ ಮಾಸು ಗರ್ಭ ಬೆಳೆದಂತೆ ಬಹುಮಟ್ಟಿಗೆ ಮೇಲಕ್ಕೆ ಸರಿಯುವುದರಿಂದ ಹೆದರಬೇಕಾಗಿಲ್ಲ. 32ನೆಯ ವಾರದಲ್ಲಿ ಮತ್ತೊಮ್ಮೆ ನೋಡಿಸಿದರಾಯಿತು.

ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಿಂದ ವಿಜಯಪುರವು ದೂರವಲ್ಲ. ಅಥಣಿ ರಸ್ತೆಯಲ್ಲಿಯೇ 1984ರಲ್ಲಿ ಸ್ಥಾಪಿತವಾದ ಅಲ್-ಅಮೀನ್ ವೈದ್ಯಕೀಯ ಮಹಾವಿದ್ಯಾಲಯದ ದವಾಖಾನೆಯಿದೆ. ರಕ್ತ ಕಂಡೊಡನೆ, ನೋವಿರಲಿ ಇಲ್ಲದಿರಲಿ, 108ಕ್ಕೆ ಕರೆ ಮಾಡಿ, ಶಸ್ತ್ರಕ್ರಿಯೆಗೂ ರಕ್ತದಾನಕ್ಕೂ ಅನುಕೂಲವಿರುವ ದವಾಖಾನೆಗೇ ಹೋಗಬೇಕು. ರಕ್ತ ಕೊಡಬಲ್ಲ ಇಬ್ಬರು ಬಂಧುಗಳೂ ಜೊತೆಗೆ ಹೊರಡಲಿ.